ಕ್ಯಾಲೆಂಡರ್ ಬದಲಾದರೆ ಶಾಲೆಗೆ ಬರುವ ದುಡ್ಡೂ ಬದಲಾಗುತ್ತದಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರದ ಒಂದು ಊರಿನಲ್ಲಿದ್ದೇವೆ. ಮಗಳು ಎರಡನೇ ಕ್ಲಾಸ್, ಮಗ ಏಳನೇ ಕ್ಲಾಸ್. ನಮ್ಮ ಊರಿನ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನವರು ಉದ್ದದ ಬೇಸಿಗೆ ರಜೆ ತೆಗೆದು ವರ್ಷಪೂರ್ತಿ ಕ್ಲಾಸ್ ನಡೆಸುವ ಯೋಚನೆಯಲ್ಲಿದ್ದಾರೆ. ಬೋರ್ಡ್ ಮೀಟಿಂಗ್‌ಗೆ ಹೋಗಿದ್ದೆ. ಒಬ್ಬರು ಎದ್ದು ನಿಂತು "ಇದರಿಂದ ಸ್ಟೇಟ್ ದುಡ್ಡು ಕಡಿಮೆ ಮಾಡುತ್ತದೆ" ಅಂದರು. ಇನ್ನೊಬ್ಬರು "ಇಲ್ಲ, ಜಾಸ್ತಿ ಕೊಡುತ್ತದೆ" ಅಂದರು. ನಮ್ಮನೆಯವರು "ಇದೆಲ್ಲ ಪ್ರಾಪರ್ಟಿ ಟ್ಯಾಕ್ಸ್ ಏರಿಸುವ ಉಪಾಯ" ಅಂತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕ "ನಮ್ಮಲ್ಲಿ ಹಿಂದೆ ಇದಕ್ಕೆ ಸರ್ಕಾರ ದುಡ್ಡು ಕೊಡುತ್ತಿತ್ತು, ಆಮೇಲೆ ನಿಲ್ಲಿಸಿತು" ಅಂತಾಳೆ. ಯಾರು ಹೇಳಿದ್ದು ಸರಿ? ಊರಿಗೆ ಬರುವ ನಮ್ಮ ಪ್ಲಾನಿಗೆ ಇದರಿಂದ ಏನಾಗುತ್ತದೆ?

ಉತ್ತರ: ನಮಸ್ಕಾರ. ನಾಲ್ಕೂ ಜನ ಸ್ವಲ್ಪ ಸ್ವಲ್ಪ ಸರಿ, ಸ್ವಲ್ಪ ಸ್ವಲ್ಪ ತಪ್ಪು. ನಾನು ಟೆಕ್ಸಸ್‌ನ ಒಂದು ಡಿಸ್ಟ್ರಿಕ್ಟ್‌ನ ಲೆಕ್ಕದ ಆಫೀಸಿನಲ್ಲಿ ಬಹಳ ವರ್ಷ ಕೂತಿದ್ದವನು. ಹಾಜರಿ ಲೆಕ್ಕ ನೋಡುವುದೇ ನನ್ನ ಕೆಲಸ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮೂರಿನ ಸರ್ಕಾರಿ ಶಾಲೆಯ ಬಿಸಿಯೂಟ ನೆನಪಿದೆಯಾ? ಬೆಳಿಗ್ಗೆ ಹಾಜರಿ ಕೂಗಿ ಮುಗಿದ ಮೇಲೆ ಎಷ್ಟು ಮಕ್ಕಳು ಬಂದಿದ್ದಾರೆ ಎಂದು ಎಣಿಸಿ ಅಡುಗೆಯವರಿಗೆ ಹೇಳುತ್ತಾರೆ. ಅಕ್ಕಿ ಬೇಳೆ ಅಳೆಯುವುದು ಆ ಸಂಖ್ಯೆಯ ಮೇಲೆ. ಪುಸ್ತಕದಲ್ಲಿ 60 ಹೆಸರಿದ್ದು 48 ಮಕ್ಕಳು ಬಂದಿದ್ದರೆ 48 ತಟ್ಟೆ. ಕರ್ನಾಟಕದಲ್ಲಿ ಈ ಲೆಕ್ಕ ಊಟಕ್ಕೆ ಮಾತ್ರ. ಮೇಷ್ಟ್ರ ಸಂಬಳ ಅದರ ಮೇಲೆ ನಿಂತಿಲ್ಲ. ಟೆಕ್ಸಸ್‌ನಲ್ಲಿ ಇಡೀ ಶಾಲೆಯೇ ಈ ತಟ್ಟೆ ಲೆಕ್ಕದಲ್ಲಿ ನಡೆಯುತ್ತದೆ. ಟೀಚರ್ ಸಂಬಳ, ಕರೆಂಟ್ ಬಿಲ್, ಲೈಬ್ರರಿ ಎಲ್ಲದಕ್ಕೂ ಸ್ಟೇಟ್ ಕೊಡುವ ದುಡ್ಡಿನ ಬುಡದಲ್ಲಿರುವುದು ಒಂದೇ ಸಂಖ್ಯೆ: ದಿನದ ಸರಾಸರಿ ಹಾಜರಿ. ಆಫೀಸಿನಲ್ಲಿ ನಾವು ಅದನ್ನು ಎಡಿಎ ಅನ್ನುತ್ತೇವೆ.

ಈ ಸರಾಸರಿ ಹೇಗೆ ಬರುತ್ತದೆ ನೋಡಿ. ವರ್ಷದಲ್ಲಿ ಪ್ರತಿದಿನ ಬಂದ ಮಕ್ಕಳನ್ನೆಲ್ಲ ಕೂಡಿಸಿ, ಕ್ಲಾಸ್ ನಡೆದ ದಿನಗಳಿಂದ ಭಾಗಿಸುತ್ತಾರೆ. 20 ಮಕ್ಕಳ ಕ್ಲಾಸು, 175 ದಿನ ಶಾಲೆ, ದಿನಕ್ಕೆ ಸುಮಾರು 19 ಜನ ಬಂದರು ಅಂದುಕೊಳ್ಳಿ. ಉತ್ತರ 19. ಈಗ ಅದೇ 175 ದಿನಗಳನ್ನು ಹತ್ತು ತಿಂಗಳಲ್ಲಿ ಮುಗಿಸುವ ಬದಲು ಹನ್ನೊಂದೂವರೆ ತಿಂಗಳಿಗೆ ಹರಡಿ. ಉತ್ತರ ಆಗಲೂ 19. ಬೋರ್ಡ್‌ನವರಿಗೆ ಹುಮ್ಮಸ್ಸು ಬಂದು ಇನ್ನೂ ಐದು ದಿನ ಸೇರಿಸಿದರೂ 19. ಮೇಲಿನ ಸಂಖ್ಯೆ ಬೆಳೆದಷ್ಟೇ ಕೆಳಗಿನ ಸಂಖ್ಯೆಯೂ ಬೆಳೆಯುತ್ತದೆ, ಅಷ್ಟೇ.

ಟೆಕ್ಸಸ್‌ನ ಶಿಕ್ಷಣ ಕಾನೂನು ಇದನ್ನು ಇನ್ನೂ ನೇರವಾಗಿ ಹೇಳಿಬಿಟ್ಟಿದೆ. ಡಿಸ್ಟ್ರಿಕ್ಟ್‌ಗಳು ವರ್ಷಪೂರ್ತಿ ಶಾಲೆ ನಡೆಸಬಹುದು, ಒಂದೇ ಟ್ರ್ಯಾಕ್‌ನಲ್ಲೂ (ಎಲ್ಲ ಮಕ್ಕಳಿಗೂ ಒಂದೇ ಕ್ಯಾಲೆಂಡರ್) ನಡೆಸಬಹುದು, ಹಲವು ಟ್ರ್ಯಾಕ್‌ಗಳಲ್ಲೂ (ಗುಂಪಿಗೊಂದು ಕ್ಯಾಲೆಂಡರ್) ನಡೆಸಬಹುದು ಎನ್ನುವ ಸೆಕ್ಷನ್ ಒಂದಿದೆ. ಹಾಗೆ ನಡೆಸುವುದರಿಂದ ಸ್ಟೇಟ್‌ನಿಂದ ಬರಬೇಕಾದ ಹಣ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ ಎಂದು ಅದೇ ಸೆಕ್ಷನ್‌ನಲ್ಲಿ ಬರೆದಿದೆ. ಮೀಟಿಂಗ್‌ನಲ್ಲಿ ಆ ಇಬ್ಬರು ವಾದ ಮಾಡುವ ಮೊದಲು ಯಾರಾದರೂ ಆ ಒಂದು ಸಾಲು ಓದಿದ್ದರೆ ಎಲ್ಲರೂ ಅರ್ಧ ಗಂಟೆ ಮೊದಲೇ ಮನೆಗೆ ಹೋಗಬಹುದಿತ್ತು.

ಹಾಗಾದರೆ "ಜಾಸ್ತಿ ಕೊಡುತ್ತದೆ" ಅಂದವರು ಸುಮ್ನೆ ಹೇಳಿದರಾ? ಇಲ್ಲ. ಅವರ ಮನಸ್ಸಿನಲ್ಲಿದ್ದದ್ದು ಬೇರೆ ಯೋಜನೆ. ಗೊಂದಲ ಎಲ್ಲ ಹುಟ್ಟುವುದು ಅಲ್ಲೇ. ರಜೆಯನ್ನು ಆಚೀಚೆ ಮಾಡುವುದು ಒಂದು, ಶಾಲೆಯ ದಿನಗಳನ್ನೇ ಹೆಚ್ಚಿಸುವುದು ಇನ್ನೊಂದು. ಜನ ಎರಡನ್ನೂ "ವರ್ಷಪೂರ್ತಿ ಶಾಲೆ" ಎಂದು ಒಂದೇ ಹೆಸರಲ್ಲಿ ಕರೆಯುತ್ತಾರೆ. ದುಡ್ಡಿನ ಮಟ್ಟಿಗೆ ಎರಡಕ್ಕೂ ಸಂಬಂಧವೇ ಇಲ್ಲ.

2019ರಲ್ಲಿ ಟೆಕ್ಸಸ್ ಶಾಸನಸಭೆ ಶಾಲಾ ಹಣಕಾಸಿಗೆ ಒಂದು ದೊಡ್ಡ ಕಾನೂನು ತಂದಿತು. ಹೌಸ್ ಬಿಲ್ 3 ಅಂತ. ಅದರಲ್ಲಿ ಹೆಚ್ಚುವರಿ ದಿನಗಳಿಗೆ ದುಡ್ಡು ಕೊಡುವ ಒಂದು ಭಾಗ ಇತ್ತು. 2020-21ರ ಶಾಲಾ ವರ್ಷದಿಂದ ಜಾರಿಗೆ ಬಂತು. ಆಗ ಇಟ್ಟಿದ್ದ ಷರತ್ತು ಹೀಗೆ: ಮೊದಲು 180 ದಿನ ಪೂರ್ತಿ ಪಾಠ ನಡೆದಿರಬೇಕು. ಟೀಚರ್‌ಗಳ ತರಬೇತಿ ದಿನ ಇದರಲ್ಲಿ ಸೇರುವುದಿಲ್ಲ. ಅದಾದ ಮೇಲೆ ಇನ್ನೂ 30 ದಿನದವರೆಗೆ ಪಾಠ ಮಾಡಿದರೆ ಆ ದಿನಗಳಿಗೆ ಸ್ಟೇಟ್ ಅರ್ಧ ದಿನದ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ. ಅದೂ ಪ್ರೀ-ಕೆ, ಅಂದರೆ ಒಂದನೇ ಕ್ಲಾಸಿಗೂ ಮೊದಲಿನ ಪುಟ್ಟ ಮಕ್ಕಳ ಕ್ಲಾಸಿನಿಂದ ಐದನೇ ಕ್ಲಾಸಿನವರೆಗಿನ ಮಕ್ಕಳಿಗೆ. ಆಗಿನ ಈ ಲೆಕ್ಕದಲ್ಲಾದರೆ ಎರಡನೇ ಕ್ಲಾಸಿನ ಮಗು ಸೇರುತ್ತಿತ್ತು, ಏಳನೇ ಕ್ಲಾಸಿನದು ಇಲ್ಲ.

180 ದಿನ ಅಂದಕೂಡಲೇ "ಅಷ್ಟು ನಡೆದೇ ನಡೆಯುತ್ತದಲ್ಲ" ಅನ್ನಿಸುತ್ತದೆ. ನಡೆಯುವುದಿಲ್ಲ. ಟೆಕ್ಸಸ್‌ನಲ್ಲಿ ವರ್ಷಕ್ಕೆ ಇಷ್ಟು ದಿನ ಎಂಬ ನಿಯಮ ಹೋಗಿ ಈಗ ಇಷ್ಟು ನಿಮಿಷ ಎಂಬ ನಿಯಮ ಇದೆ: 75,600 ನಿಮಿಷ. ಭಾಗಿಸಿ ನೋಡಿ, ದಿನಕ್ಕೆ 7 ಗಂಟೆಯಂತೆ ಸರಿಯಾಗಿ 180 ದಿನ ಬರುತ್ತದೆ. ಆದರೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಉದ್ದ ಮಾಡಿದರೆ 172ನೇ ದಿನಕ್ಕೇ ನಿಮಿಷ ತುಂಬಿಬಿಡುತ್ತದೆ. ಬಹಳ ಡಿಸ್ಟ್ರಿಕ್ಟ್‌ಗಳು ಮಾಡುವುದು ಅದನ್ನೇ. 2019ರ ಆ ಷರತ್ತಿನಲ್ಲಿ ಅಂಥ ಡಿಸ್ಟ್ರಿಕ್ಟ್ ಈ ಹೆಚ್ಚುವರಿ ಹಣಕ್ಕೆ ಕೈ ಚಾಚಬೇಕಾದರೆ 173ರಿಂದ 180ರವರೆಗಿನ ಎಂಟು ದಿನ ತನ್ನ ಜೇಬಿನಿಂದ ಹಾಕಿ ನಡೆಸಬೇಕಿತ್ತು. ಆ ಎಂಟು ದಿನಕ್ಕೆ ಯಾರೂ ಒಂದು ಕಾಸೂ ಕೊಡುತ್ತಿರಲಿಲ್ಲ. ಜಾಹೀರಾತಿನಲ್ಲಿ ಕಾಣುತ್ತಿದ್ದದ್ದು 30 ದಿನ, ಲೆಕ್ಕದ ಪುಸ್ತಕದಲ್ಲಿ ಮೊದಲು ಬರುತ್ತಿದ್ದದ್ದು ಈ ಎಂಟು ದಿನ.

ಒಂದು ಕ್ಲಾಸಿನ ಲೆಕ್ಕ ಕೈಯಲ್ಲೇ ಹಾಕಿ ನೋಡೋಣ. ಒಂದು ಮಗುವಿಗೆ ಸ್ಟೇಟ್ ಇಟ್ಟಿರುವ ಮೂಲ ಮೊತ್ತ 2019ರ ಕಾನೂನಿನಲ್ಲಿ 6,160 ಡಾಲರ್ ಇತ್ತು. ಆರು ವರ್ಷ ಅಲ್ಲೇ ನಿಂತಿತ್ತು. 2025ರಲ್ಲಿ 55 ಡಾಲರ್ ಏರಿ 6,215 ಆಯಿತು. (ಆರು ವರ್ಷದಲ್ಲಿ ಹಾಲು, ಮೊಟ್ಟೆ, ಬಾಡಿಗೆ ಎಷ್ಟು ಏರಿತು ಎಂದು ನಿಮಗೇ ಗೊತ್ತು. ಆ ಸಿಟ್ಟನ್ನು ಇಲ್ಲಿ ತೆಗೆಯುವುದಿಲ್ಲ.) ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ವಿಶೇಷ ಶಿಕ್ಷಣ ಬೇಕಾದ ಮಕ್ಕಳಿಗೆ ಇದರ ಮೇಲೆ ಇನ್ನಷ್ಟು ಸೇರುತ್ತದೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. 6,215ನ್ನು 180ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 34 ಡಾಲರ್. ಅರ್ಧ ದಿನಕ್ಕೆ 17.

ಹೆಚ್ಚುವರಿ ದಿನ ಕ್ಲಾಸಿಗೆ 20 ಮಕ್ಕಳು ಬಂದರು. 340 ಡಾಲರ್ ಬಂತು. ಟೀಚರ್‌ಗೆ ವರ್ಷಕ್ಕೆ 62,000 ಡಾಲರ್ ಸಂಬಳ ಅಂದುಕೊಳ್ಳಿ. ಟೆಕ್ಸಸ್‌ನಲ್ಲಿ ಟೀಚರ್ ಒಪ್ಪಂದ ಸಾಮಾನ್ಯವಾಗಿ 187 ದಿನದ್ದು. ಭಾಗಿಸಿದರೆ ದಿನಕ್ಕೆ 331 ಡಾಲರ್. ಪೂರ್ತಿ ದಿನ ಪಾಠ ಮಾಡಿದರೆ ಉಳಿದದ್ದು ಒಂಬತ್ತು ಡಾಲರ್. ಆ ಒಂಬತ್ತು ಡಾಲರ್‌ನಲ್ಲಿ ಬಸ್ ಓಡಬೇಕು, ಜುಲೈ ತಿಂಗಳ ಡಾಲಸ್ ಬಿಸಿಲಿನಲ್ಲಿ ಏಸಿ ಓಡಬೇಕು, ನರ್ಸ್ ಇರಬೇಕು, ಕಸ ಗುಡಿಸುವವರು ಇರಬೇಕು. ಅರ್ಧ ದಿನ ಮಾತ್ರ ನಡೆಸಿದರೆ ಪರವಾಗಿಲ್ಲ, ಸ್ವಲ್ಪ ಉಸಿರಾಡಬಹುದು. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಮಗುವನ್ನು ಕರೆದುಕೊಂಡು ಹೋಗಿ ಅಂದರೆ ಕೆಲಸಕ್ಕೆ ಹೋಗುವ ಅಪ್ಪ ಅಮ್ಮ ಏನು ಮಾಡಬೇಕು? ಅದಕ್ಕೇ ಅರ್ಧ ದಿನದ ಹೆಚ್ಚುವರಿ ಕ್ಲಾಸಿಗೆ ಮಕ್ಕಳು ಕಡಿಮೆ. 20ರ ಜಾಗದಲ್ಲಿ 12 ಬಂದರೆ ಕೈಗೆ ಸಿಗುವುದು 204 ಡಾಲರ್. ಟೀಚರ್ ಸಂಬಳ ಮಾತ್ರ 12 ಮಕ್ಕಳು ಬಂದರು ಎಂದು ಕಡಿಮೆ ಆಗುವುದಿಲ್ಲ.

ಹಾಗಂತ ಈ ಯೋಜನೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ 30 ದಿನ ಅಂದರೆ ಆರು ವಾರ. ಸಣ್ಣ ವಿಷಯ ಅಲ್ಲ. ಸ್ಟೇಟ್ ಇದನ್ನು ಮೂರು ರೀತಿಯಲ್ಲಿ ಮಾಡಬಹುದು ಎಂದು ತೋರಿಸಿಕೊಟ್ಟಿತ್ತು. ಬೇಸಿಗೆಯಲ್ಲಿ ಸಮ್ಮರ್ ಸ್ಕೂಲ್ ತರಹ ನಡೆಸುವುದು ಒಂದು. ವರ್ಷದ ನಡುನಡುವೆ ಬಿಡುವು ಕೊಟ್ಟು, ಆ ಬಿಡುವಿನ ವಾರಗಳಲ್ಲಿ ಬೇಕಾದ ಮಕ್ಕಳನ್ನು ಮಾತ್ರ ಕರೆದು ಪಾಠ ಮಾಡುವುದು ಎರಡನೆಯದು. ಇದನ್ನೇ ಇಂಟರ್‌ಸೆಷನ್ ಅನ್ನುವುದು. ಮೂರನೆಯದು ಇಡೀ ವರ್ಷವನ್ನೇ ಹೊಸದಾಗಿ ಕತ್ತರಿಸಿ ಹೊಲಿಯುವುದು. ಡಾಲಸ್ ಐಎಸ್‌ಡಿ, ಅಂದರೆ ಡಾಲಸ್ ನಗರದ ಸ್ಕೂಲ್ ಡಿಸ್ಟ್ರಿಕ್ಟ್, 2021-22ರಲ್ಲಿ ತನ್ನ ಕೆಲವು ಶಾಲೆಗಳಲ್ಲಿ ಇಂಟರ್‌ಸೆಷನ್ ಮಾದರಿ ಹಿಡಿಯಿತು. ಆಗ ಕೋವಿಡ್ ನಂತರದ ಫೆಡರಲ್ ಸಹಾಯದ ಹಣವೂ ಡಿಸ್ಟ್ರಿಕ್ಟ್‌ಗಳ ಕೈಯಲ್ಲಿತ್ತು. ಅರ್ಧ ದಿನದ ದುಡ್ಡು ಸಾಲದ ಕಡೆ ಅದನ್ನು ಹಚ್ಚಬಹುದಿತ್ತು. ಆ ಹಣವನ್ನು ಖರ್ಚಿಗೆ ಗೊತ್ತುಮಾಡಲು ಕೊನೆಯ ಗಡುವು 2024ರ ಸೆಪ್ಟೆಂಬರ್ 30. ಈಗ ಹೊಸದಾಗಿ ಶುರು ಮಾಡುವ ಡಿಸ್ಟ್ರಿಕ್ಟ್‌ಗೆ ಆ ಊರುಗೋಲು ಇಲ್ಲ. ನಿಮ್ಮ ಬೋರ್ಡ್‌ನವರು ಬೇರೆ ಊರಿನ ಉದಾಹರಣೆ ತೋರಿಸಿದರೆ ಅದು ಯಾವ ವರ್ಷದ್ದು ಎಂದು ಮೊದಲು ಕೇಳಿ.

ಇನ್ನೊಂದು ಮಾತು. ಟೆಕ್ಸಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದಲ್ಲಿ ಸೇರುತ್ತದೆ. ಸೇರಿದಾಗಲೆಲ್ಲ ಇಂಥ ಷರತ್ತುಗಳಿಗೆ ಕೈ ಹಾಕುತ್ತದೆ. ನಾನು ಮೇಲೆ ಹೇಳಿದ್ದು 2019ರ ಅಡಿಪಾಯ. ಎಷ್ಟನೇ ದಿನದಿಂದ, ಎಷ್ಟನೇ ಕ್ಲಾಸಿನವರೆಗೆ ಎಂಬುದನ್ನು ನಿಮ್ಮ ಡಿಸ್ಟ್ರಿಕ್ಟ್‌ನ ಬಿಸಿನೆಸ್ ಆಫೀಸಿನಲ್ಲಿ ಈ ವರ್ಷದ ಕೈಪಿಡಿ ಹಿಡಿದು ಕೇಳಿಕೊಳ್ಳಿ.

ಈಗ "ಕಡಿಮೆ ಮಾಡುತ್ತದೆ" ಅಂದವರ ವಿಷಯ. ಕ್ಯಾಲೆಂಡರ್ ಬದಲಾಯಿಸಿದ್ದಕ್ಕೆ ಸ್ಟೇಟ್ ದಂಡ ಹಾಕುವುದಿಲ್ಲ. ಆದರೆ ಹಾಜರಿ ಬಿದ್ದರೆ ದುಡ್ಡು ತಾನಾಗಿಯೇ ಬೀಳುತ್ತದೆ. ಜುಲೈ ಕೊನೆಯಲ್ಲಿ ಶಾಲೆ ತೆರೆದರೆ ಅರ್ಧ ಊರು ಇನ್ನೂ ಪ್ರವಾಸದಲ್ಲಿರುತ್ತದೆ. ಪಕ್ಕದ ಡಿಸ್ಟ್ರಿಕ್ಟ್‌ನಲ್ಲಿ ಆಗಸ್ಟ್ ಮಧ್ಯದಲ್ಲಿ ಶುರುವಾದರೆ ಅಣ್ಣ ತಂಗಿಯರ ಮಕ್ಕಳು ಅಲ್ಲಿ ರಜೆಯಲ್ಲಿ, ಇವರು ಇಲ್ಲಿ ಕ್ಲಾಸಿನಲ್ಲಿ. ಅಪ್ಪ ಅಮ್ಮಂದಿರು ಒಂದು ವಾರ ಚಕ್ಕರ್ ಹೊಡೆಸಿಬಿಡುತ್ತಾರೆ. ಮೀಟಿಂಗ್‌ನಲ್ಲಿ ಎದ್ದು ನಿಂತವರು ಹೆದರಿದ್ದು ಇದಕ್ಕೆ ಆಗಿದ್ದರೆ ಆ ಹೆದರಿಕೆಯಲ್ಲಿ ಅರ್ಥ ಇದೆ.

ಹಲವು ಟ್ರ್ಯಾಕ್ ಇರುವ ಶಾಲೆಯಲ್ಲಿ ಇನ್ನೊಂದು ತೊಡಕು ಬರುತ್ತದೆ. ಅಲ್ಲಿ ಮಕ್ಕಳನ್ನು ಮೂರು ಅಥವಾ ನಾಲ್ಕು ಗುಂಪು ಮಾಡಿರುತ್ತಾರೆ. ಒಂದು ಗುಂಪು ಸರದಿಯಂತೆ ಸದಾ ರಜೆಯಲ್ಲಿ. ಹಾಗಿದ್ದಾಗ ಸರಾಸರಿ ತೆಗೆಯುವುದು ಹೇಗೆ? ರಜೆಯಲ್ಲಿರುವ ಗುಂಪನ್ನು ಗೈರು ಎಂದು ಬರೆದರೆ ಶಾಲೆ ಮುಳುಗಿಹೋಗುತ್ತದೆ. ಅದಕ್ಕೆ ಪ್ರತಿ ಟ್ರ್ಯಾಕ್‌ಗೂ ಬೇರೆ ಕ್ಯಾಲೆಂಡರ್, ಬೇರೆ ದಿನಗಳ ಎಣಿಕೆ, ಬೇರೆ ಸರಾಸರಿ. ಕೊನೆಗೆ ಎಲ್ಲವನ್ನೂ ಕೂಡಿಸುತ್ತಾರೆ. ವರ್ಷಪೂರ್ತಿ ಶಾಲೆಗೆಂದು ಸ್ಟೇಟ್ ಮಾಡಿಕೊಡುವ ನಿಜವಾದ ಹೊಂದಾಣಿಕೆ ಅಂದರೆ ಇಷ್ಟೇ, ಇದರಲ್ಲಿ ಹೊಸ ದುಡ್ಡು ಇಲ್ಲ. ನಾನು ಕೆಲಸ ಮಾಡುತ್ತಿದ್ದಾಗ ಒಮ್ಮೆ ಒಂದು ಶಾಲೆಯ ಇಡೀ ಒಂದು ಟ್ರ್ಯಾಕ್ ಮೂರು ವಾರ ಕೆಂಪಗೆ ಕಾಣಿಸಿತು. ಎಲ್ಲ ಮಕ್ಕಳೂ ಗೈರು. ಸಾಂಕ್ರಾಮಿಕ ರೋಗ ಏನಾದರೂ ಬಂತಾ ಎಂದು ಗಾಬರಿ. ನೋಡಿದರೆ ಕಂಪ್ಯೂಟರಿಗೆ ಬೇರೆ ಟ್ರ್ಯಾಕ್‌ನ ಕ್ಯಾಲೆಂಡರ್ ಹಾಕಿಬಿಟ್ಟಿದ್ದರು, ಮಕ್ಕಳು ಪಾಪ ಆರಾಮವಾಗಿ ರಜೆಯಲ್ಲಿದ್ದರು. ಸ್ಟೇಟ್‌ಗೆ ಕಳಿಸುವ ಮೊದಲೇ ಕಣ್ಣಿಗೆ ಬಿತ್ತು, ಬಚಾವ್.

ನಿಮ್ಮ ಅಕ್ಕ ಹೇಳಿದ್ದು ಈ ಹಲವು ಟ್ರ್ಯಾಕ್‌ಗಳ ಕಥೆಯನ್ನೇ. ಅದು ನಿಜ. ಸ್ವಲ್ಪ ನಿಂತು ಹೇಳಬೇಕಾದ ಕಥೆ. ಲಾಸ್ ಏಂಜಲೀಸ್‌ನಲ್ಲಿ ಒಂದು ಕಾಲಕ್ಕೆ ಮಕ್ಕಳು ಜಾಸ್ತಿ, ಕಟ್ಟಡ ಕಡಿಮೆ. ಹೊಸ ಶಾಲೆ ಕಟ್ಟಲು ದುಡ್ಡಿಲ್ಲ. ಆಗ ಬಂದದ್ದು ಕಾನ್ಸೆಪ್ಟ್ 6 ಎಂಬ ಕ್ಯಾಲೆಂಡರ್. ಮಕ್ಕಳನ್ನು ಮೂರು ಗುಂಪು ಮಾಡುವುದು, ಯಾವಾಗಲೂ ಎರಡು ಗುಂಪು ಒಳಗೆ, ಒಂದು ಗುಂಪು ಹೊರಗೆ. ಎರಡು ಗುಂಪು ಹಿಡಿಸುವ ಕಟ್ಟಡದಲ್ಲಿ ಮೂರು ಗುಂಪು ಓದಿತು, ಅಂದರೆ ಒಂದೂವರೆ ಪಟ್ಟು ಮಕ್ಕಳು. ಲೆಕ್ಕದವನಿಗೆ ಕೇಳಿದರೆ ಅದ್ಭುತ. ಆದರೆ ಮೂರು ಗುಂಪಿಗೂ ಒಂದೇ ವರ್ಷದಲ್ಲಿ 180 ದಿನ ಹೊಂದುವುದಿಲ್ಲ. ಒಬ್ಬೊಬ್ಬರಿಗೆ ಸಿಕ್ಕಿದ್ದು 163 ದಿನ. ದಿನವನ್ನು ಸ್ವಲ್ಪ ಉದ್ದ ಮಾಡಿ ನಿಮಿಷದ ಲೆಕ್ಕ ಸರಿ ಮಾಡಿದರು. 17 ದಿನ ಮಾತ್ರ ಹೋದದ್ದು ಹೋಯಿತು. ಕ್ಯಾಲಿಫೋರ್ನಿಯಾ ಸರ್ಕಾರ ಇಂಥ ಕಿಕ್ಕಿರಿದ, ಹಲವು ಟ್ರ್ಯಾಕ್‌ಗಳ ಶಾಲೆಗಳಿಗೆ ಪ್ರತ್ಯೇಕ ಗ್ರಾಂಟ್ ಕೊಡುತ್ತಿತ್ತು. ಹೊಸ ಕಟ್ಟಡದ ಖರ್ಚು ಉಳಿಸಿದ್ದೀರಿ, ಅದರಲ್ಲಿ ಒಂದು ಪಾಲು ನಿಮಗೆ ಅನ್ನುವ ಧೋರಣೆ. ನನ್ನ ಅಭಿಪ್ರಾಯ ಕೇಳಿದರೆ, ಮಕ್ಕಳಿಗೆ ಪಾಠ ಮಾಡಿದ್ದಕ್ಕೆ ಅಲ್ಲದೆ ಶಾಲೆ ಕಟ್ಟದೇ ಇದ್ದದ್ದಕ್ಕೆ ಕೊಟ್ಟ ಬಹುಮಾನ ಅದು.

2000ನೇ ಇಸವಿಯಲ್ಲಿ ವಿಲಿಯಮ್ಸ್ ಎಂಬ ಹೆಸರಿನ ಮೊಕದ್ದಮೆ ರಾಜ್ಯ ಸರ್ಕಾರದ ಮೇಲೇ ಬಿತ್ತು. ಪುಸ್ತಕ ಇಲ್ಲ, ಕಟ್ಟಡ ಸರಿ ಇಲ್ಲ, ಅರ್ಹ ಟೀಚರ್ ಇಲ್ಲ ಎಂಬುದರ ಜೊತೆಗೆ ಈ ಕ್ಯಾಲೆಂಡರ್ ಕೂಡ ದೂರಿನಲ್ಲಿತ್ತು. 2004ರಲ್ಲಿ ರಾಜಿ ಆಯಿತು. 2012ರ ಜುಲೈ ಒಳಗೆ ಕಾನ್ಸೆಪ್ಟ್ 6 ಪೂರ್ತಿ ಹೋಗಬೇಕು ಎಂದು ಗಡುವು ಇಟ್ಟರು. ಅಷ್ಟರಲ್ಲಿ ಲಾಸ್ ಏಂಜಲೀಸ್‌ನ ಮತದಾರರು ಶಾಲೆ ಕಟ್ಟಲು ಸಾಲ ಎತ್ತುವ ಬಾಂಡ್‌ಗಳಿಗೆ ಒಂದರ ಹಿಂದೆ ಒಂದರಂತೆ ಒಪ್ಪಿಗೆ ಕೊಟ್ಟರು, ನೂರಕ್ಕೂ ಹೆಚ್ಚು ಹೊಸ ಶಾಲೆ ಎದ್ದವು. ಗ್ರಾಂಟೂ ಮುಗಿಯಿತು. ಆದ್ದರಿಂದ ನಿಮ್ಮ ಅಕ್ಕನ ಮಾತು ಸರಿ, ಆದರೆ ನಿಮ್ಮ ಊರಿಗೆ ಹೊಂದುವುದಿಲ್ಲ. ನಿಮ್ಮ ಬೋರ್ಡ್ ಹೇಳುತ್ತಿರುವುದು ಒಂದೇ ಟ್ರ್ಯಾಕ್‌ನ ಕ್ಯಾಲೆಂಡರ್ ಆಗಿದ್ದರೆ ಎಲ್ಲ ಮಕ್ಕಳಿಗೂ ಒಟ್ಟಿಗೇ ಶಾಲೆ, ಒಟ್ಟಿಗೇ ರಜೆ. ಅದರಲ್ಲಿ ಒಂದು ಬೆಂಚೂ ಉಳಿತಾಯ ಆಗುವುದಿಲ್ಲ.

ನಾರ್ತ್ ಕ್ಯಾರೊಲೈನಾದ ಕ್ಯಾರಿ, ಏಪೆಕ್ಸ್ ಕಡೆ ನಿಮಗೆ ಗೊತ್ತಿರುವ ಕನ್ನಡದವರು ಇದ್ದೇ ಇರುತ್ತಾರೆ. ಅವರನ್ನು ಕೇಳಿದರೆ "ನಮ್ಮಲ್ಲಿ ವರ್ಷಪೂರ್ತಿ ಶಾಲೆ ಹಳೆಯ ವಿಷಯ" ಅನ್ನುತ್ತಾರೆ. ವೇಕ್ ಕೌಂಟಿಯಲ್ಲಿ ನಾಲ್ಕು ಟ್ರ್ಯಾಕ್, ಸುಮಾರು 45 ದಿನ ಪಾಠ, 15 ದಿನ ಬಿಡುವು. ಯಾವಾಗಲೂ ಮೂರು ಟ್ರ್ಯಾಕ್ ಒಳಗೆ ಇರುತ್ತವೆ, ಕಟ್ಟಡದಲ್ಲಿ ಮೂರನೇ ಒಂದರಷ್ಟು ಹೆಚ್ಚು ಮಕ್ಕಳು ಹಿಡಿಸುತ್ತಾರೆ. ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನು ಇಂಥ ಶಾಲೆಗೆ ಹಾಕಬಹುದಾ ಎಂಬ ಜಗಳ ಆ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2009ರಲ್ಲಿ ಹಾಕಬಹುದು ಎಂದು ತೀರ್ಪು ಬಂತು. ಆದರೆ ದುಡ್ಡಿನ ವಿಷಯದಲ್ಲಿ ಅವರ ಅನುಭವ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಸ್ಟೇಟ್ ಎಣಿಸುವುದು ದಾಖಲಾದ ಮಕ್ಕಳನ್ನು, ಆ ದಿನ ಬಂದ ಮಕ್ಕಳನ್ನಲ್ಲ. ಮಗು ಒಂದು ವಾರ ಜ್ವರದಲ್ಲಿ ಮಲಗಿದರೂ ಶಾಲೆಯ ಲೆಕ್ಕ ಅಲುಗುವುದಿಲ್ಲ. ವರ್ಜೀನಿಯಾದ ದಾರಿ ಇನ್ನೊಂದು: ವರ್ಷಪೂರ್ತಿ ಅಥವಾ ಹೆಚ್ಚು ದಿನ ನಡೆಸುವ ಶಾಲೆಗಳು ಅರ್ಜಿ ಹಾಕಿದರೆ ಬೇರೆಯಾಗಿ ಗ್ರಾಂಟ್. ಒಟ್ಟಿನಲ್ಲಿ ಬೇರೆ ಸ್ಟೇಟ್‌ನಲ್ಲಿರುವ ನೆಂಟರ ಮಾತನ್ನು ಊಟದ ಹೊತ್ತಿಗೆ ಕೇಳಿ, ಬೋರ್ಡ್ ಮೀಟಿಂಗ್‌ಗೆ ಒಯ್ಯಬೇಡಿ.

ನಿಮ್ಮನೆಯವರ ಟ್ಯಾಕ್ಸ್ ಅನುಮಾನಕ್ಕೆ ಬರೋಣ. ಟೆಕ್ಸಸ್‌ನಲ್ಲಿ ಶಾಲೆಯ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ಎರಡು ಭಾಗ. ಒಂದು ದಿನನಿತ್ಯದ ಖರ್ಚಿಗೆ, ಇನ್ನೊಂದು ಕಟ್ಟಡದ ಸಾಲ ತೀರಿಸಲು. ಕ್ಯಾಲೆಂಡರ್ ಬದಲಾಯಿತು ಎಂದ ಮಾತ್ರಕ್ಕೆ ಎರಡೂ ಏರುವುದಿಲ್ಲ. ದಿನನಿತ್ಯದ ಭಾಗವನ್ನು ಒಂದು ಮಿತಿ ದಾಟಿ ಏರಿಸಬೇಕಾದರೆ ಮತದಾರರನ್ನು ಕೇಳಲೇಬೇಕು. ಸಾಲದ ಭಾಗಕ್ಕೂ ಬಾಂಡ್ ಮತದಾನ ಬೇಕು. ಹಾಗಾಗಿ ಕದ್ದುಮುಚ್ಚಿ ಏರಿಸುವ ದಾರಿ ಇದಲ್ಲ. ಆದರೆ ಹೆಚ್ಚುವರಿ ದಿನ ಸೇರಿಸಿ, ಮೇಲಿನ ಆ ಒಂಬತ್ತು ಡಾಲರ್ ಸಾಲದೆ ಬಂದರೆ, ಎರಡು ಮೂರು ವರ್ಷದ ನಂತರ ಅದೇ ಬೋರ್ಡ್ "ದಯವಿಟ್ಟು ಒಪ್ಪಿಗೆ ಕೊಡಿ" ಎಂದು ನಿಮ್ಮ ಮುಂದೆ ಬರಬಹುದು. ನಿಮ್ಮನೆಯವರ ಮೂಗಿಗೆ ಬಡಿದ ವಾಸನೆ ಪೂರ್ತಿ ಸುಳ್ಳಲ್ಲ, ಸ್ವಲ್ಪ ಬೇಗ ಬಡಿದಿದೆ ಅಷ್ಟೇ.

"ನಮ್ಮದು ಶ್ರೀಮಂತ ಡಿಸ್ಟ್ರಿಕ್ಟ್, ಸ್ಟೇಟ್ ದುಡ್ಡೇ ಬರುವುದಿಲ್ಲ, ನಾವೇ ಅವರಿಗೆ ವಾಪಸ್ ಕೊಡುತ್ತೇವೆ, ಹಾಜರಿ ಲೆಕ್ಕ ನಮಗೇಕೆ?" ಎಂದು ಕೆಲವರು ಕೇಳುವುದುಂಟು. ಜನ ರಾಬಿನ್ ಹುಡ್ ಎಂದು ಕರೆಯುವ ವ್ಯವಸ್ಥೆ ಇದು. ಡಾಲಸ್ ಸುತ್ತಮುತ್ತ ಇಂಥ ಡಿಸ್ಟ್ರಿಕ್ಟ್‌ಗಳಿವೆ. ಅಲ್ಲಿಯೂ ಲೆಕ್ಕ ಹಾಜರಿಯದ್ದೇ. ಇಷ್ಟು ಮಕ್ಕಳು ಬಂದರು, ಆದ್ದರಿಂದ ಇಷ್ಟು ದುಡ್ಡಿಗೆ ನೀವು ಹಕ್ಕುದಾರರು ಎಂದು ಸ್ಟೇಟ್ ಮೊದಲು ಗೆರೆ ಎಳೆಯುತ್ತದೆ. ಸ್ಥಳೀಯ ತೆರಿಗೆ ಆ ಗೆರೆ ದಾಟಿದರೆ ಮೇಲಿನದ್ದು ಸ್ಟೇಟ್‌ಗೆ. ಹಾಜರಿ ಇಳಿದರೆ ಗೆರೆ ಕೆಳಗಿಳಿಯುತ್ತದೆ, ವಾಪಸ್ ಕೊಡುವುದು ಹೆಚ್ಚುತ್ತದೆ.

ಈಗ ನಿಮ್ಮ ಪ್ಲಾನ್. ಡಿಸೆಂಬರ್‌ನಲ್ಲಿ ಟಿಕೆಟ್ ದುಬಾರಿ ಎಂದು ರಜೆಗೆ ಹತ್ತು ದಿನ ಮೊದಲೇ ಮಕ್ಕಳನ್ನು ಎಬ್ಬಿಸಿಕೊಂಡು ಬೆಂಗಳೂರಿಗೆ ಹಾರುವವರು ನಮ್ಮಲ್ಲಿ ಎಷ್ಟು ಜನ! ನಾನೂ ಹಾರಿದ್ದೇನೆ, ಬೇರೆಯವರಿಗೆ ಬುದ್ಧಿ ಹೇಳುವ ಕೆಲಸದಲ್ಲಿದ್ದುಕೊಂಡೇ. ಒಂದು ಶಾಲೆಯಿಂದ 40 ಮಕ್ಕಳು ಹಾಗೆ ಹತ್ತು ದಿನ ಹೋದರೆ 400 ಮಕ್ಕಳ-ದಿನ. 175 ದಿನದ ಶಾಲೆಯಲ್ಲಿ ದಿನಕ್ಕೆ 35 ಡಾಲರ್ ಅಂದುಕೊಂಡರೂ 14,000 ಡಾಲರ್. ಒಂದು ಹೊಸ ಕ್ಯಾಲೆಂಡರ್ ಮಾಡಲಾಗದ ನಷ್ಟವನ್ನು ನಮ್ಮ ಡಿಸೆಂಬರ್ ಟಿಕೆಟ್ ಮಾಡುತ್ತದೆ. ಇನ್ನೊಂದು ನಿಯಮವೂ ಇದೆ. ಕ್ಲಾಸ್ ನಡೆದ ದಿನಗಳಲ್ಲಿ ಮಗು ನೂರಕ್ಕೆ 90ರಷ್ಟು ಬಂದಿರಬೇಕು, ಇಲ್ಲದಿದ್ದರೆ ಕ್ರೆಡಿಟ್‌ಗೆ, ಅಂದರೆ ಆ ಕ್ಲಾಸು ಮುಗಿಸಿದ ಲೆಕ್ಕಕ್ಕೆ ತೊಂದರೆ. 175 ದಿನದಲ್ಲಿ ಗೈರಾಗಲು ಸಿಗುವುದು 17 ದಿನ. ನಿಮ್ಮ ಏಳನೇ ಕ್ಲಾಸಿನ ಮಗನಿಗೆ ಇದು ಬೇಗ ಮುಗಿದುಹೋಗುವ ಸಂಖ್ಯೆ.

ಆದರೆ ಹಬ್ಬದ ವಿಷಯ ಬೇರೆ. ಇದನ್ನು ನಮ್ಮವರಿಗೆ ಎಷ್ಟು ಹೇಳಿದರೂ ಸಾಲದು. ಧಾರ್ಮಿಕ ಹಬ್ಬ ಆಚರಿಸಲು ಮಗು ಶಾಲೆಗೆ ಬರದಿದ್ದರೆ ಟೆಕ್ಸಸ್ ಕಾನೂನು ಅದನ್ನು ಮನ್ನಿಸುತ್ತದೆ. ಬರೀ ಮನ್ನಿಸುವುದಲ್ಲ, ದುಡ್ಡಿನ ಲೆಕ್ಕದಲ್ಲಿ ಆ ಮಗು ಬಂದಿತ್ತು ಎಂದೇ ಎಣಿಸುತ್ತದೆ. ಹಬ್ಬಕ್ಕೆ ಬೇರೆ ಊರಿಗೆ ಹೋಗಬೇಕಾದರೆ ಹೋಗಲು ಒಂದು ದಿನ, ಬರಲು ಒಂದು ದಿನವೂ ಸೇರುತ್ತದೆ. ನೀವು ಮೊದಲೇ ಒಂದು ಚೀಟಿ ಬರೆದು ಕೊಡಬೇಕು, ಅಷ್ಟೇ. "ಫ್ಯಾಮಿಲಿ ಫಂಕ್ಷನ್" ಎಂದು ಬರೆದರೆ ಗೈರು. "ದೀಪಾವಳಿ, ಧಾರ್ಮಿಕ ಹಬ್ಬ" ಎಂದು ಬರೆದರೆ ಹಾಜರಿ. ದೀಪಾವಳಿ ದಿನ ಮಗುವಿಗೆ ಹೊಟ್ಟೆನೋವು ಎಂದು ಫೋನ್ ಮಾಡಿ ಸುಳ್ಳು ಹೇಳುವ ಅಮ್ಮಂದಿರನ್ನು ಬಹಳ ನೋಡಿದ್ದೇನೆ. ಸುಳ್ಳು ಹೇಳಿ ಶಾಲೆಗೆ ನಷ್ಟ ಮಾಡುವ ಬದಲು ನಿಜ ಹೇಳಿದರೆ ಎಲ್ಲರಿಗೂ ಲಾಭ.

ಹಲ್ಲಿನ ಡಾಕ್ಟರ್ ಹತ್ತಿರ ಹೋಗುವುದಕ್ಕೂ ಹೀಗೆಯೇ. ಹಾಜರಿಯನ್ನು ದಿನದಲ್ಲಿ ಒಂದೇ ಗೊತ್ತಾದ ಹೊತ್ತಿನಲ್ಲಿ ತೆಗೆದುಕೊಳ್ಳುತ್ತಾರೆ. ನಿಮ್ಮ ಶಾಲೆಯಲ್ಲಿ ಅದು ಬೆಳಿಗ್ಗೆ ಹತ್ತು ಗಂಟೆ ಅಂದುಕೊಳ್ಳಿ. ಹತ್ತು ಹೊಡೆಯುವಾಗ ಮಗು ಕುರ್ಚಿಯಲ್ಲಿ ಇಲ್ಲದಿದ್ದರೆ ಹತ್ತೂ ಐದಕ್ಕೆ ಬಂದರೂ ಆ ದಿನ ಗೈರು. ಆದರೆ ಡಾಕ್ಟರ್ ಹತ್ತಿರ ಹೋಗಿ ಅದೇ ದಿನ ಶಾಲೆಗೆ ವಾಪಸ್ ಬಂದು, ಅಲ್ಲಿಯ ಚೀಟಿ ಕೊಟ್ಟರೆ ಹಾಜರಿ. ಹಲ್ಲು ಕ್ಲೀನ್ ಮಾಡಿಸಿಕೊಂಡು, ಹೇಗೂ ಹೊತ್ತಾಯಿತು ಎಂದು ನೇರ ಮನೆಗೆ ಕರೆದುಕೊಂಡು ಹೋಗಬೇಡಿ.

ಬೋರ್ಡ್ ಮೀಟಿಂಗ್‌ನಲ್ಲಿ ಸಾರ್ವಜನಿಕರಿಗೆ ಮಾತಾಡಲು ಕೊಡುವ ಹೊತ್ತು ಬಹಳ ಕಡಿಮೆ. ಮುಂದಿನ ಸಲ ಹೋದಾಗ ಇಷ್ಟು ಕೇಳಿ: ಹೊಸ ಕ್ಯಾಲೆಂಡರ್‌ನಲ್ಲಿ ನನ್ನ ಮಗಳಿಗೆ ಒಟ್ಟು ಎಷ್ಟು ದಿನ ಪಾಠ? ಈಗಿನದಕ್ಕಿಂತ ಹೆಚ್ಚಾದರೆ ಆ ದಿನಗಳ ಖರ್ಚು ಎಷ್ಟು, ಸ್ಟೇಟ್‌ನಿಂದ ಬರುವುದು ಎಷ್ಟು, ಉಳಿದದ್ದು ಯಾವ ಗಂಟಿನಿಂದ? ಬಿಡುವಿನ ವಾರಗಳಲ್ಲಿ ನಡೆಯುವ ಕ್ಲಾಸಿಗೆ ಬಸ್ ಇರುತ್ತದಾ? ಬಸ್ಸಿನ ಪ್ರಶ್ನೆಗೆ ಅವರು ತಡವರಿಸಿದರೆ ಇನ್ನೂ ಲೆಕ್ಕ ಹಾಕಿಲ್ಲ ಎಂದೇ ಅರ್ಥ. ಬೇಸಿಗೆಯ ರಿಪೇರಿ ಕೆಲಸ ಯಾವಾಗ ಮಾಡುತ್ತೀರಿ ಎಂದೂ ಕೇಳಬಹುದು. ಹತ್ತು ವಾರದಲ್ಲಿ ನಡೆಯುತ್ತಿದ್ದ ನೆಲ, ಪೇಂಟ್, ಏಸಿ ಕೆಲಸ ಐದು ವಾರದಲ್ಲಿ ಮುಗಿಯಬೇಕಾದರೆ ಓವರ್‌ಟೈಮ್ ಕೊಡಬೇಕಾಗುತ್ತದೆ. ಇದು ಯಾವ ಪವರ್‌ಪಾಯಿಂಟ್‌ನಲ್ಲೂ ಬರುವುದಿಲ್ಲ.

ಅಕ್ಟೋಬರ್‌ನಲ್ಲಿ ಎರಡು ವಾರ ಬಿಡುವು ಸಿಕ್ಕರೆ ಮೈಸೂರಿನ ದಸರಾಕ್ಕೆ ಹೋಗಬಹುದಲ್ಲ ಎಂದು ನಿಮಗೂ ಹೊಳೆದಿರಬೇಕು. ಟಿಕೆಟ್ ಮಾಡಿಸುವ ಮೊದಲು ಪಂಚಾಂಗ ನೋಡಿ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದಿತ್ತು, 2026ರಲ್ಲಿ ಅಕ್ಟೋಬರ್ ಮೂರನೇ ವಾರಕ್ಕೆ. ಬೋರ್ಡ್‌ನವರ ಬಿಡುವು ಹಾಗೆ ಜಾಗ ಬದಲಿಸುವುದಿಲ್ಲ. ಕ್ಯಾಲೆಂಡರ್ ಕಮಿಟಿಯಲ್ಲಿ ಪೋಷಕರಿಗೂ ಜಾಗ ಇಟ್ಟಿದ್ದರೆ ನಿಮ್ಮ ಹೆಸರು ಕೊಟ್ಟುಬಿಡಿ.